ಕಾಲು ಮಾತ್ರೆ

ಅಮ್ಮಿ ಅಡಕತ್ತರಿಯಲ್ಲಿ ಮಾತ್ರೆ ಕತ್ತರಿಸುತ್ತಾಳೆ.
ಮೊದಲು ಎರಡು ಹೋಳು, ಆಮೇಲೆ ನಾಲ್ಕು.
ಓದು ಬಾರದವಳು, ಆದರೆ ಅವಳ ಕಾಲು ಅಂದರೆ ಕಾಲೇ:
ನಲವತ್ತು ವರ್ಷ ಅಡಿಕೆ ಹೋಳು ಮಾಡಿದ ಕೈ.
ಉದುರಿದ ಪುಡಿಯನ್ನು ತೋರುಬೆರಳಿಗೆ ಅಂಟಿಸಿಕೊಂಡು
ನನ್ನ ನಾಲಿಗೆಗೆ ಒರೆಸುತ್ತಾಳೆ,
"ಇದೂ ಲೆಕ್ಕಕ್ಕೆ ಬರ್ತೈತಿ" ಅಂತ.

ಎಂಟನೇ ಕ್ಲಾಸಿನಲ್ಲಿ ತಿಪ್ಪೇರುದ್ರಪ್ಪ ಮೇಷ್ಟ್ರು
ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು
ಬೆರಳ ಗೆಣ್ಣಿಗೆ ಕೋಲು ತಾಕಿಸಿ ಎಣಿಸಿದ್ದರು.
ಕಾಲು ಮಾತ್ರೆಯ ಛಂದಸ್ಸು
ಅವರು ಹೇಳಿಕೊಡಲಿಲ್ಲ.

ಹೋದ ಚಳಿಗಾಲ ಎರಡನ್ನೂ ಒಟ್ಟಿಗೆ ಬಿಟ್ಟೆ.
ಬಾಟಲಿ ಸೋಮವಾರ, ಗುಳಿಗೆ ಮಂಗಳವಾರ.
ಗಂಡಸು ಅಂದರೆ ಒಂದೇ ಏಟಿಗೆ, ಅಂದುಕೊಂಡಿದ್ದೆ.
ಗುರುವಾರ ರಾತ್ರಿ ಆಸ್ಪತ್ರೆಯ ಗೋಡೆಯ ಮೇಲೆ
ಮಂಡಕ್ಕಿ ಹರಿದಾಡಿತು,
ಸಾಲುಸಾಲಾಗಿ, ಕಾಲು ಬಂದ ಮಂಡಕ್ಕಿ.
ಬರಿಗೈಯಲ್ಲಿ ಗುಡಿಸಿದೆನಂತೆ ನಸುಕಿನವರೆಗೆ.
ಪಕ್ಕದ ಮಂಚದ ಹರಪನಹಳ್ಳಿ ಕಂಡಕ್ಟರು
"ಎಷ್ಟು ಚೀಲ ಆತು ಸಾಬ್ರೇ?" ಅಂದನಂತೆ.
ಪುಣ್ಯಾತ್ಮ. ಅವನಿಗೂ ಅದೇ ಕಾಯಿಲೆ.

ಡಾಕ್ಟರಮ್ಮ ಬೈಯಲಿಲ್ಲ. ಕೈ ಚಾಚಿಸಿ
ಬೆರಳುಗಳ ಮೇಲೆ ಒಂದು ಹಾಳೆ ಇಟ್ಟು
ಅದು ನಡುಗುವುದನ್ನು ನೋಡಿದರು.
"ಎರಡು ಹಗ್ಗ ಹಿಡಿದು ಬಾವಿಗೆ ಇಳಿದವನು
ಎರಡನ್ನೂ ಒಟ್ಟಿಗೆ ಬಿಡ್ತಾನೇನಪ್ಪ?"
ಕುಡಿತ ನಿಲ್ಲಬೇಕು, ಇಲ್ಲೇ, ನಮ್ಮ ಕಣ್ಣೆದುರು.
ಗುಳಿಗೆ ಮತ್ತೆ ಶುರು. ಬಿಡುವುದು ಆಮೇಲೆ,
ತಿಂಗಳುಗಟ್ಟಲೆ, ಮುದುಕಿ ಅಟ್ಟದಿಂದ ಇಳಿದ ಹಾಗೆ,
ಮೆಟ್ಟಿಲು ಮುಟ್ಟಿ ನೋಡುತ್ತ.

ಆಮೇಲೆ ಅಂದರೆ ಈಗ.

ಕಣ್ಣು ಎಡಕ್ಕೆ ಹೊರಳಿಸಿದರೆ ತಲೆಯೊಳಗೆ ಚಿಟ್.
ಬಲಕ್ಕೆ, ಚಿಟ್ ಚಿಟ್.
ಕರೆಂಟಲ್ಲ, ನೋವಲ್ಲ. ಕಾದ ಮರಳಿಗೆ
ಮೊದಲ ಹಿಡಿ ಅಕ್ಕಿ ಬಿದ್ದಾಗ ಆಗುತ್ತದಲ್ಲ, ಅದು.
ಭಟ್ಟಿಯಲ್ಲಿ ಇಪ್ಪತ್ತಾರು ವರ್ಷ ಕೇಳಿದ ಸದ್ದು
ಈಗ ಒಳಗಿಂದ ಕೇಳುತ್ತದೆ.
ಡಾಕ್ಟರಮ್ಮನಿಗೆ ಹಾಗೇ ಹೇಳಿದೆ. ಬರೆದುಕೊಂಡರು.
ಏನು ಬರೆದರೋ, ಇಂಗ್ಲಿಷು.

ಕನಸುಗಳು ಬೇರೆ. ಸತ್ತ ಅಬ್ಬಾ ದಿನಾ ಬರುತ್ತಾನೆ,
ಸಕ್ಕರೆಯಿಲ್ಲದ ಚಾ ಕೇಳುತ್ತಾನೆ, ಹೋಗುತ್ತಾನೆ.
ಮೊನ್ನೆ ಮಿರ್ಚಿ ಅಂಗಡಿಯಲ್ಲಿ ಸುಮ್ಮನೆ ಅಳು ಬಂತು.
ಕಣ್ಣೊರೆಸಿಕೊಂಡು "ಖಾರ" ಅಂದೆ.
ಖುತೇಜಾ ನಂಬಲಿಲ್ಲ.
ತನ್ನ ಪಾಲಿನ ಮಿರ್ಚಿಯನ್ನೂ ನನ್ನ ತಟ್ಟೆಗೆ ಸರಿಸಿದಳು.

ಭಟ್ಟಿಗೆ ಹೋಗುವ ದಾರಿಯಲ್ಲಿ ರೈಲ್ವೆ ಗೇಟು.
ಗೇಟಿನ ಈಚೆಗೇ, ನೀಲಿ ಶಟರಿನ ಆ ಅಂಗಡಿ.
ಗೇಟು ಬಿದ್ದರೆ ನಿಲ್ಲಲೇಬೇಕು.
ಬಾಯಿ ಒಣಗುತ್ತದೆ, ಜೇಬಿನಲ್ಲಿ ನೂರರ ನೋಟು ಬೆವರುತ್ತದೆ.
"ಏನ್ ಚಮನಣ್ಣ, ಮರೆತೇಬಿಟ್ರಿ!"
ಅಂಗಡಿ ಹುಡುಗನಿಗೆ ಒಳ್ಳೆಯ ಹಲ್ಲು.
ಗೂಡ್ಸ್ ಗಾಡಿ ಬರುತ್ತದೆ. ಡಬ್ಬಿ ಎಣಿಸುತ್ತೇನೆ.
ನಲವತ್ತರ ಹತ್ತಿರ ಆಸೆ ಗಂಟಲಿಗೆ ಬಂದು ಕೂರುತ್ತದೆ.
ಐವತ್ತೆಂಟಕ್ಕೆ ಗಾರ್ಡಿನ ಡಬ್ಬಿ, ಹಸಿರು ಬಾವುಟ.
ಒಂದು ಗೂಡ್ಸ್ ಗಾಡಿಯಷ್ಟು ಉದ್ದ ಅದು,
ಅದಕ್ಕಿಂತ ಉದ್ದವಿಲ್ಲ.
ಒಂದು ದಿನ ಎರಡು ಗಾಡಿ ಬಂದವು, ಎದುರುಬದುರು.
ಅವತ್ತಿನದು ಅಮ್ಮಿಗೆ ಹೇಳಿಲ್ಲ.
ಡಾಕ್ಟರಮ್ಮನಿಗೆ ಹೇಳಿದೆ.

ಭಟ್ಟಿಯಲ್ಲಿ ನನ್ನನ್ನು ಒಲೆಯ ಹತ್ತಿರ ಬಿಡುತ್ತಿಲ್ಲ.
ಜರಡಿ ಕೊಟ್ಟಿದ್ದಾರೆ.
ಮರಳು ಕೆಳಗೆ, ಮಂಡಕ್ಕಿ ಮೇಲೆ,
ಅಲ್ಲಾಡಿಸುವುದೇ ಕೆಲಸ.
ಜರಡಿ ಹಿಡಿದವನ ಕೈ ನಡುಗಿದರೆ ಯಾರು ಕೇಳುತ್ತಾರೆ?
"ಬಾಳ ಚಲೋ ಓಡ್ತೈತಿ ನಿನ್ನ ಕೈ" ಅಂದ ಮಾಲೀಕ.
ನಕ್ಕೆ. ನಗು ಎಲ್ಲಿಟ್ಟಿದ್ದೆನೋ, ಸಿಕ್ಕಿತು.

ಸಂಜೆ, ಉಗುರಿನ ಸಂದಿಯಲ್ಲಿ ಇನ್ನೂ ಮರಳು.
ಅಮ್ಮಿ ಅಡಕತ್ತರಿ ಒರೆಸಿ ಕೂತಿದ್ದಾಳೆ.
ಮುಂದಿನ ತಿಂಗಳಿಂದ ಕಾಲಿನಲ್ಲೂ ಅರ್ಧವಂತೆ.
ಅದಕ್ಕೆ ಹೆಸರಾದರೂ ಇದೆಯೇನಮ್ಮಿ?
"ಅರೆಕಾಲು. ಆಮ್ಯಾಲೆ ವೀಸ," ಅನ್ನುತ್ತಾಳೆ
ಕತ್ತರಿ ಮಡಚುತ್ತ,
"ಹಳೇ ಲೆಕ್ಕ. ನಿಮ್ಮ ಮೇಷ್ಟ್ರಿಗೆ ಗೊತ್ತಿರ್ಲಿಲ್ಲೇನು?"